ಅತ್ತೆ ಹೊಲಿದ ಗವಸು

೧೧ ಜೂನ್, ಮಂಗಳವಾರ

ಏನು ಮಾಡಲಿ ಎಂದೇ ತೋಚುತ್ತಿಲ್ಲ. ನಾನೇ ಬಿಡಿಭಾಗ ಹೆಕ್ಕಿ, ಕಡಿಮೆ ಖರ್ಚಿನಲ್ಲಿ ಜೋಡಿಸಿದ ಕಂಪ್ಯೂಟರ್ ಇದು. ಭಾರೀ ಆಟ ಹಾಕಿದರೆ ಸ್ವಲ್ಪ ಹೊತ್ತಿಗೇ ಗಪ್ಪನೆ ಆಫ್ ಆಗುತ್ತಿತ್ತು. ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್ ಕೊಟ್ಟು ಟೋಪಿ ಹಾಕಿದ ಎಂದು ಅಂಗಡಿಯವನಿಗೆ ಫೋನಿನಲ್ಲೇ ಮಂಗಳಾರತಿ ಮಾಡಿದ್ದೆ.

ಇವತ್ತು ಧೂಳು ಒರೆಸಲು ಕಂಪ್ಯೂಟರಿನ ಬಟ್ಟೆಯ ಗವಸು ತೆಗೆದವಳು ಹಾಗೇ ಆಡುತ್ತ ಕೂತೆ. ಸಂಜೆಯವರೆಗೂ ಒಮ್ಮೆಯೂ ಆಫ್ ಆಗಲಿಲ್ಲ! ಗಾಳಿಕಿಂಡಿಗಳನ್ನೆಲ್ಲ ಮುಚ್ಚಿ ಅದನ್ನು ಬಿಸಿಯೇರಿಸುತ್ತಿದ್ದದ್ದು ಆ ಗವಸೇ.

ಆದರೆ ಅದನ್ನು ಹೊಲಿದವರು ಅತ್ತೆ. ಕಣ್ಣಿನ ಆಪರೇಷನ್ ಆದಮೇಲೆ ಅವರು ಮಾಡಿದ ಮೊದಲ ಹೊಲಿಗೆ. ನನ್ನ ಆಟ ಕಂಡರೆ ಮೂಗು ಮುರಿಯುತ್ತಿದ್ದವರು, ಆಡುವಾಗಲೂ ತೆಗೆಯಬೇಕಾಗದಂತೆ ವೈರುಗಳಿಗೆ ಕಾಜಾ ಬಿಟ್ಟು, ಅಂಚಿಗೆ ಪೈಪಿಂಗ್ ಬೇರೆ ಕೊಟ್ಟಿದ್ದಾರೆ.

ಅವರ ಚಪ್ಪಲಿ ಸದ್ದಾಗಿದ್ದೇ ಗಡಿಬಿಡಿಯಲ್ಲಿ ಆಫ್ ಮಾಡಿ ಮತ್ತೆ ಹೊದಿಸಿದೆ.

"ಸರಿಹೋಯ್ತೇನೇ?"

"ಇಲ್ಲ ಅತ್ತೆ."

"ಧೂಳು ಒಳಗೆ ಹೋಗ್ತಿರ್ಬೇಕು ಕಣೇ. ಇದು ತೆಳು ಬಟ್ಟೆ. ದಪ್ಪಂದು ಒಂದು ಹೊಲಿದುಕೊಡ್ಲಾ?"

ಬೇಡ ಎನ್ನಲು ಬಾಯಿ ತೆರೆದೆ. ಬಂದದ್ದು "ಹೂಂ". ಯಾಕೆ ಹಾಗೆಂದೆನೋ.

ಪಕ್ಕದ ಕೋಣೆಯಲ್ಲಿ ಹೊಲಿಗೆ ಮಿಷನ್ ಓಡುತ್ತಿದೆ. ಎದ್ದು ಹೋಗಿ ಹೇಳಿಬಿಡಬೇಕು. ಆದರೆ ಅತ್ತೆ ಏನೋ ಗುನುಗುತ್ತಿದ್ದಾರೆ. ಈ ಮನೆಗೆ ಬಂದಮೇಲೆ ಅವರು ಹಾಡಿದ್ದು ಕೇಳಿದ್ದು ಇದೇ ಮೊದಲು.