ಎಡಗೈ ಗಂಟು

ಅಣ್ಣನಿಗೆ ತಂಗಿಯ ನಮಸ್ಕಾರ.

ಎದುರಿಗೆ ನಿಂತು ಕೇಳಲು ನನಗೆ ನಾಲಿಗೆ ಏಳುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಬೈಂಡಿಂಗ್ ಅಂಗಡಿಯನ್ನು ಚಿಕ್ಕಪ್ಪ ಕೆಡವದಂತೆ ನಾವು ಕೇಳಿದ್ದ ತಾತ್ಕಾಲಿಕ ತಡೆಯಾಜ್ಞೆಯನ್ನು ಕೋರ್ಟು ಕೊಡಲಿಲ್ಲ. ಅಂಗಡಿ ಅಪ್ಪನ ಪಾಲಿನದು ಅನ್ನುವುದಕ್ಕೆ ಕಾಗದವೇ ಇಲ್ಲವಂತೆ. ಸೋಮವಾರದೊಳಗೆ ಮೇಲ್ಮನವಿ ಹಾಕಬೇಕು.

ಚಿಕ್ಕಪ್ಪ ಸಹಿ ಮಾಡಿದ ಪಾಲುಪತ್ರವನ್ನೂ ಸೇರಿಸಿ ನಾನೇ ಹದಿನಾಲ್ಕು ಹಾಳೆ ಹೊಲಿದು, ವಕೀಲರಿಗೆ ತಲುಪಿಸಲು ನಿನಗೆ ಕೊಟ್ಟಿದ್ದೆ. "ನಿಮ್ಮಣ್ಣ ತಂದಾಗಲೇ ಹದಿಮೂರು ಇದ್ವು ಕಣಮ್ಮ" ಅಂದರು ವಕೀಲರು. ಇಲ್ಲದ್ದು ಆ ಪಾಲುಪತ್ರವೇ. ನನಗೆ ಅವರ ಗುಮಾಸ್ತನ ಮೇಲೆ ಅನುಮಾನವಿತ್ತು. ನಿನ್ನೆ ಫೈಲು ತಂದು ದಾರ ನೋಡಿದೆ. ಯಾರೋ ಬಿಚ್ಚಿ ಮತ್ತೆ ಹೊಲಿದಿದ್ದಾರೆ. ಹೊಲಿಗೆ ಅಚ್ಚುಕಟ್ಟಾಗಿದೆ, ಗಂಟು ಮಾತ್ರ ಎಡಕ್ಕೆ ತಿರುಗಿದೆ. ಅಪ್ಪ ನಿನ್ನನ್ನು ರೇಗಿಸುತ್ತಿದ್ದುದು ನೆನಪಾಯಿತು: "ಲೇ ಎಡಚ, ನಿನ್ನ ಕೆಲಸಕ್ಕೆ ಹೆಸರು ಬರೆಯೋದೇ ಬೇಡ ಕಣೋ, ಗಂಟು ನೋಡಿದ್ರೆ ಸಾಕು!"

ಅಮ್ಮನಿಗೆ ಹೇಳಿಲ್ಲ. ಚಿಕ್ಕಪ್ಪನ ಬಾಗಿಲಲ್ಲಿ ಎರಡು ಸಲ ನಿನ್ನ ಚಪ್ಪಲಿ ಕಂಡದ್ದನ್ನೂ ಹೇಳಿಲ್ಲ. ಅವರು ನಿನಗೆ ಏನು ಆಸೆ ತೋರಿಸಿದರೋ ನಾನು ಕೇಳುವುದೂ ಇಲ್ಲ.

ಮೇಲ್ಮನವಿಯ ಕಾಗದಗಳು ಅಪ್ಪನ ಮೇಜಿನ ಮೇಲಿವೆ. ಇನ್ನೊಂದು ಪ್ರತಿ ವಕೀಲರ ಹತ್ತಿರವೂ ಇದೆ, ಗೊತ್ತಿರಲಿ ಅಂತ ಹೇಳಿದೆ. ಕೊನೆಯ ಹಾಳೆಗೆ ಜಾಗ ಬಿಟ್ಟು, ಸೂಜಿಗೆ ದಾರ ಪೋಣಿಸಿಟ್ಟಿದ್ದೇನೆ. ಭಾನುವಾರ ಮಧ್ಯಾಹ್ನ ಅಂಗಡಿಯಲ್ಲಿ ಯಾರೂ ಇರುವುದಿಲ್ಲ. ಬೀಗದ ಕೈ ನಿನ್ನ ಹತ್ತಿರವೇ ಇದೆಯಲ್ಲ. ಪಾಲುಪತ್ರವನ್ನು ಹರಿದುಹಾಕಿಲ್ಲದಿದ್ದರೆ ತಂದು ಸೇರಿಸಿ, ನೀನೇ ಗಂಟು ಹಾಕಿ ಹೋಗು.

ಎಡಕ್ಕೇ ಹಾಕು. ನಾನು ಬಿಚ್ಚುವುದಿಲ್ಲ.

ಇಂತಿ,
ನಿನ್ನ ತಂಗಿ