ಯಾರ ದನಿ ಅಂತ ಕೇಳು

ಮಲ್ಲಿ,

ಫೋನ್ ಮಾಡ್ಬ್ಯಾಡ ಅಂತ ನೀನಂದಿದ್ದೆ, ಅದ್ಕೇ ಕೊಡಗಿನ ಕಾಫಿತೋಟದ ಲೈನ್‌ಮನೆಯಿಂದ ಈ ವಾಯ್ಸ್ ಮೆಸೇಜು ಕಳುಸ್ತಿವ್ನಿ. ಕುಡಿಯೋದು ಬುಟ್ಟಿವ್ನಿ ಕಣಮ್ಮಿ. ಬೆಳಿಗ್ಗೆ ಸಾರಾಯಿ ಬದ್ಲು ರಾಗಿ ಅಂಬ್ಲಿ ಕುಡ್ದು ತೋಟಕ್ಕೋಯ್ತೀನಿ. ಸಂಜೆ ತೊರೇಲಿ ಮಿಂದು, ಉಂಡು, ಬೇಗ ಮಲಗ್ತೀನಿ. ಮೇಸ್ತ್ರಿ 'ಏನ್ಲಾ ಅಂಬ್ಲಿಸ್ವಾಮಿ' ಅಂತ ಆಡ್ಕೊಂಡ್ರೂ ಈಗ ರೇಗಾಕಿಲ್ಲ.

ನಾನು ಕೂಗಾಡ್ದಾಗೆಲ್ಲಾ ನಮ್ಮ ಪುಟ್ಟಿ, 'ಸತ್ತೋದ ತಾತ ಅಪ್ಪನ ಮೈಮೇಲೆ ಬಂದವ್ನೆ' ಅಂತ ಮಂಚದಡಿ ಅವಿತ್ಕೊಳ್ತಿದ್ಲಲ್ಲ, ಅದು ಸುಳ್ಳಲ್ಲ. ಹಂಗೇ ಕುಡ್ದು ಕೂಗಾಡ್ತಿದ್ದ ನಮ್ಮಪ್ಪ ಈಗ್ಲೂ ಒಂದೊಂದು ರಾತ್ರಿ ಗಂಟಲತಾವ ಬಂದು ಕೂತ್ಕೊತಾನೆ. ಬಾಯಿಗೆ ಮಾತ್ರ ಬರಾಕಿಲ್ಲ.

ಇದ್ನ ಪುಟ್ಟಿಗೆ ಕೇಳ್ಸು. ಯಾರ ದನಿ ಅಂತ ಕೇಳು. 'ಅಪ್ಪ' ಅಂದ್ರೆ ಭಾನ್ವಾರದ ಬಸ್ಸಿಗೆ ಬತ್ತೀನಿ. 'ತಾತ' ಅಂದ್ರೆ ನಂಗೇನೂ ಹೇಳ್ಬ್ಯಾಡ, ನಮ್ಮ ಹಾಡಿಯಿಂದ ಇಲ್ಲಿಗೆ ಕೆಲ್ಸಕ್ಕೆ ಬರೋರ ಕೈಲಿ ಇನ್ನೊಂದಿಷ್ಟು ರಾಗಿಹಿಟ್ಟು ಕಳ್ಸು.

ನಿನ್ನ
ಲಿಂಗ