ನಕ್ಷತ್ರವಿದ್ದ ಜಾಗ

ಚೆಂಬೂರು
೧೨-೮-೧೯೮೯

ಚಿ. ಕಿಟ್ಟುವಿಗೆ ಅತ್ತಿಗೆಯ ಆಶೀರ್ವಾದ.

ನಮ್ಮ ಯಜಮಾನರು ತೀರಿಕೊಂಡದ್ದಕ್ಕೆ ಅವರೂ ನೀನೂ ಒಟ್ಟಿಗೆ ಕೆಲಸ ಮಾಡುತ್ತಿದ್ದ ವಿಕ್ರೋಳಿ ಆಫೀಸಿನಿಂದ ಸಂತಾಪದ ಕಾಗದ ಬಂದಿದೆ. ಅವರ ಹೆಸರಿರಬೇಕಾದ ಜಾಗದಲ್ಲಿ ಮೂರು ನಕ್ಷತ್ರದ ಗುರುತುಗಳಿವೆ, ಅಷ್ಟೆ.

ಆ ಕಾಗದದ ಒಕ್ಕಣೆಯನ್ನು ಕಂಪ್ಯೂಟರಿಗೆ ಹಾಕಿಟ್ಟವರು ಅವರೇ ಅಲ್ಲವೇ? "ಕಾಗದ ಎಲ್ಲರಿಗೂ ಒಂದೇ ಕಣೇ. ನಕ್ಷತ್ರ ಇರೋ ಕಡೆ ಅವರವರ ಹೆಸರು ಬಂದು ಕೂತ್ಕೊಳ್ಳುತ್ತೆ" ಎಂದು ನನಗೂ ಒಮ್ಮೆ ತೋರಿಸಿದ್ದರು. ಈ ಸಲ ಹೆಸರು ಕೊಡುವುದನ್ನು ನಿಮ್ಮಲ್ಲಿ ಯಾರೋ ಮರೆತಿದ್ದಾರೆ. ಬೈಯಬೇಡ, ಪಾಪ. ತಪ್ಪು ನೋಡಿ ತಿದ್ದುತ್ತಿದ್ದವರು ಈಗಿಲ್ಲವಲ್ಲ.

ಕಾಗದವನ್ನು ಇದರೊಳಗೆ ಇಟ್ಟಿದ್ದೇನೆ. ಹೊಸದೊಂದನ್ನು ಪ್ರಿಂಟ್ ಮಾಡಿಸುವುದು ಬೇಡ. ಆ ಜಾಗದಲ್ಲಿ ನಿನ್ನ ಕೈಯಿಂದಲೇ ಅವರ ಹೆಸರು ಬರೆದು, ಮುಂದಿನ ಭಾನುವಾರ ಬರುವಾಗ ತಂದುಕೊಡು.

ನಾನೇ ಬರೆಯೋಣವೆಂದು ಪೆನ್ನು ಹಿಡಿದೆ, ಆಗಲಿಲ್ಲ. ಗಂಡನ ಹೆಸರು ಹೇಳಬಾರದೆಂದು ಅಮ್ಮ ಕಲಿಸಿದ್ದು ಬಾಯಿಗೆ ಮಾತ್ರ ಅಂದುಕೊಂಡಿದ್ದೆ. "ಒಂದ್ಸಲ ನನ್ನ ಹೆಸರು ಹಿಡಿದು ಕರಿಯೇ" ಎಂದು ಅವರು ಎಷ್ಟೋ ಸಲ ನಗುತ್ತಾ ಕೇಳುತ್ತಿದ್ದರು.

ಕರೆಯಬಹುದಿತ್ತು, ಕಿಟ್ಟು. ಮನೆಯಲ್ಲಿ ಇದ್ದದ್ದು ನಾವಿಬ್ಬರೇ.

ನಿನ್ನ ಅತ್ತಿಗೆ
ಶಾಮಲಾ